ಮುಂದಿನ ಸೀಟಿನಿಂದ ಕಂಡ ಘಾಟಿ

ವ್ಯಾನ್ ಬಂದು ನಿಂತ ಕೂಡಲೇ ಉಳಿದವರೆಲ್ಲ ತಮ್ಮ ಸೂಟ್‌ಕೇಸುಗಳತ್ತ ತಿರುಗಿದರೆ, ಅಪ್ಪ ನೇರವಾಗಿ ಅದರ ಮುಂದಿನ ಚಕ್ರದ ಬಳಿಗೆ ಹೋದರು. ಕೈಗವಸು ತೆಗೆದು, ಬಗ್ಗಿ, ಹೆಬ್ಬೆರಳಿನ ಉಗುರನ್ನು ಟೈರಿನ ಸೀಳಿನೊಳಗೆ ಇಳಿಸಿ ಎಷ್ಟು ಆಳವಿದೆಯೆಂದು ನೋಡಿದರು. ಆಮೇಲೆ ಹಿಂದಿನ ಚಕ್ರಕ್ಕೂ ಅದೇ ಪರೀಕ್ಷೆ ನಡೆಯಿತು. ಡೆನ್ವರ್ ವಿಮಾನ ನಿಲ್ದಾಣದ ಐದನೇ ಮಹಡಿಯ ಹೊರಬಾಗಿಲಿನಲ್ಲಿ, ಕೊರೆಯುವ ಚಳಿಯಲ್ಲಿ, ಅಪರಿಚಿತ ಸಹಪ್ರಯಾಣಿಕರ ಎದುರು ನನಗೆ ಸಣ್ಣ ಮುಜುಗರವಾಯಿತು. ಸ್ಕೀಗಳ ಉದ್ದನೆಯ ಚೀಲಗಳನ್ನು ಹಿಂದಕ್ಕೆ ತುಂಬುತ್ತಿದ್ದ ಚಾಲಕ ಇದನ್ನು ಗಮನಿಸಿ ಕೆಲಸ ನಿಲ್ಲಿಸಿದ. ಅರುವತ್ತು ದಾಟಿದಂತೆ ಕಾಣುತ್ತಿದ್ದ ಬಿಳಿ ಗಡ್ಡದ ಮನುಷ್ಯ. ಅವನು ಕೇಳಿದ್ದು ಒಂದೇ ಪ್ರಶ್ನೆ: ಇವರೂ ಚಾಲಕರೇ? ನಾನು ಹೌದೆಂದೆ. ‘ಹಾಗಾದರೆ ಮುಂದೆ ಕೂರಲಿ’ ಎಂದು ತನ್ನ ಪಕ್ಕದ ಸೀಟಿನ ಮೇಲಿದ್ದ ಊಟದ ಡಬ್ಬಿಯನ್ನು ತೆಗೆದು ಕೆಳಗಿಟ್ಟ.

‘ಟೈರಿನ ಬಟನ್ ಚೆನ್ನಾಗಿದೆ ಕಣಮ್ಮ, ಹತ್ತು’ ಎಂದು ಅಪ್ಪ ನನಗೆ ಅನುಮತಿ ಕೊಟ್ಟರು.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಚಾಲಕರಾಗಿ ನಿವೃತ್ತರಾದವರು. ಹಾಸನದಿಂದ ಹೊರಟು ಸಕಲೇಶಪುರ, ದೋಣಿಗಲ್, ಮಾರನಹಳ್ಳಿ, ಗುಂಡ್ಯದ ಮೇಲೆ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವ ಮಾರ್ಗದಲ್ಲಿ ಇಪ್ಪತ್ತೆರಡು ವರ್ಷ ಕೆಂಪು ಬಸ್ಸು ಓಡಿಸಿದವರು. ಆರು ತಿಂಗಳಿಗೆಂದು ಡಲ್ಲಾಸ್‌ಗೆ ನಮ್ಮ ಮನೆಗೆ ಬಂದಿದ್ದಾಗ ಜನವರಿಯ ಕೊನೆಯ ವಾರ ಮಕ್ಕಳ ಹಟಕ್ಕೆ ಮಣಿದು ನಾವೆಲ್ಲ ಕೊಲರಾಡೊದ ಬ್ರೆಕನ್‌ರಿಜ್ ಸ್ಕೀ ರೆಸಾರ್ಟಿಗೆ ಹೊರಟೆವು. ಮಂಡಿನೋವಿನ ಅಮ್ಮ ‘ಹಿಮವನ್ನು ಫ್ರಿಜ್ಜಿನಲ್ಲಿ ನೋಡಿದ್ದೇನೆ, ಸಾಕು’ ಎಂದು ತಂಗಿಯ ಮನೆಯಲ್ಲಿ ಉಳಿದುಕೊಂಡರು. ಹಿಮದ ಮೇಲೆ ಜಾರುವುದರಲ್ಲಿ ಅಪ್ಪನಿಗೂ ಯಾವ ಆಸಕ್ತಿಯೂ ಇರಲಿಲ್ಲ. ನನಗೂ ಅಷ್ಟೇನಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆದರೆ ವಿಮಾನ ನಿಲ್ದಾಣದಿಂದ ರೆಸಾರ್ಟಿನವರೆಗಿನ ಆ ಎರಡು ಗಂಟೆಯ ವ್ಯಾನ್ ಪ್ರಯಾಣವಿದೆಯಲ್ಲ, ಪ್ರವಾಸದ ಜಾಹೀರಾತುಗಳಲ್ಲಿ ಒಂದು ಫೋಟೋದ ಗೌರವವೂ ಸಿಗದ ಆ ತುಣುಕು, ಅದರ ಬಗ್ಗೆ ಬರೆಯಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಅಮೆರಿಕದ ಸ್ಕೀ ಊರುಗಳಲ್ಲಿ ಇದನ್ನು ಶಟಲ್ ಎನ್ನುತ್ತಾರೆ. ಹತ್ತು ಹನ್ನೆರಡು ಜನ ಕೂರುವ ವ್ಯಾನು, ಮುಂಗಡ ಬುಕಿಂಗ್, ತಲೆಗಿಷ್ಟು ದರ, ಮನೆಬಾಗಿಲಿಗೆ ಇಳಿಸುವ ಭರವಸೆ. ಡೆನ್ವರ್ ನಿಲ್ದಾಣದಿಂದ ಬ್ರೆಕನ್‌ರಿಜ್‌ಗೆ ಸುಮಾರು 100 ಮೈಲಿ, ವೇಲ್‌ಗೆ ಸುಮಾರು 120 ಮೈಲಿ. ಈ ಎರಡು ಊರುಗಳಿಗೂ, ಇವುಗಳ ಆಸುಪಾಸಿನ ಕೀಸ್ಟೋನ್, ಕಾಪರ್ ಮೌಂಟನ್‌ಗಳಿಗೂ ಇರುವ ಹೆದ್ದಾರಿ ಒಂದೇ: ಇಂಟರ್‌ಸ್ಟೇಟ್ 70, ಎಲ್ಲರ ಬಾಯಲ್ಲಿ ಐ-70. ಡೆನ್ವರ್ ನಗರದವರು, ಟೆಕ್ಸಸ್‌ನಿಂದ ಹಾರಿ ಬಂದವರು, ಹಾಲು-ಮೊಟ್ಟೆ-ಪೆಟ್ರೋಲು ಹೊತ್ತ ಲಾರಿಗಳು, ಎಲ್ಲವೂ ಆ ಒಂದು ರಸ್ತೆಯಲ್ಲೇ ಪರ್ವತವನ್ನು ಹತ್ತಬೇಕು. ಶನಿವಾರ ಬೆಳಿಗ್ಗೆ ಎಲ್ಲರೂ ಮೇಲಕ್ಕೆ, ಭಾನುವಾರ ಮಧ್ಯಾಹ್ನ ಎಲ್ಲರೂ ಕೆಳಕ್ಕೆ. ರೆಸಾರ್ಟಿನವರು ಎಷ್ಟೇ ಲಿಫ್ಟು ಕಟ್ಟಲಿ, ಎಷ್ಟೇ ಹೊಟೇಲು ಏಳಿಸಲಿ, ಈ ರಸ್ತೆ ನುಂಗಿ ದಾಟಿಸುವಷ್ಟು ಜನ ಮಾತ್ರ ಅಲ್ಲಿಗೆ ತಲುಪುತ್ತಾರೆ.

ಇದು ನಮ್ಮ ಮೂರನೆಯ ಪ್ರವಾಸವಾಗಿತ್ತು. ಮೊದಲ ವರ್ಷ ನಾವು ಬಾಡಿಗೆ ಕಾರು ತೆಗೆದುಕೊಂಡಿದ್ದೆವು. ನಾಲ್ಕು ಜನರ ಶಟಲ್ ದರವನ್ನೂ ಕಾರಿನ ಬಾಡಿಗೆಯನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದಾಗ ಕಾರೇ ಅಗ್ಗವೆಂದು ಕಂಡಿತ್ತು. ಎಂಜಿನಿಯರುಗಳಿಬ್ಬರು ಕೂಡಿ ಮಾಡಿದ ಲೆಕ್ಕವಾದ್ದರಿಂದ ಅದರಲ್ಲಿ ಹಿಮವೆಂಬ ಅಂಕಣವೇ ಇರಲಿಲ್ಲ. ಕೊಲರಾಡೊದಲ್ಲಿ ಒಂದು ಕಾನೂನಿದೆ. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಐ-70ರ ಪರ್ವತ ಭಾಗದಲ್ಲಿ, ಅಂದರೆ ಡೆನ್ವರ್ ಪಕ್ಕದ ಮಾರಿಸನ್‌ನಿಂದ ಪಶ್ಚಿಮದ ಡಾಟ್ಸೆರೊವರೆಗೆ, ಎರಡು ಚಕ್ರಗಳಿಗೆ ಮಾತ್ರ ಎಂಜಿನ್ನಿನ ಎಳೆತವಿರುವ ಕಾರುಗಳು ಹಿಮಕ್ಕೆ ತಕ್ಕ ಟೈರುಗಳನ್ನು ಹಾಕಿರಬೇಕು, ಇಲ್ಲವೇ ಚಕ್ರಕ್ಕೆ ಸುತ್ತುವ ಚೈನ್ ಇಟ್ಟುಕೊಂಡಿರಬೇಕು. ಟೈರಿನ ಸೀಳು ಇಂಚಿನ ಹದಿನಾರನೇ ಮೂರು ಭಾಗದಷ್ಟಾದರೂ ಆಳವಿರಬೇಕು. ದೊಡ್ಡ ವಾಣಿಜ್ಯ ವಾಹನಗಳಂತೂ ಆ ತಿಂಗಳುಗಳಲ್ಲಿ ಆಕಾಶ ಎಷ್ಟೇ ತಿಳಿಯಾಗಿದ್ದರೂ ಚೈನ್ ಹೊತ್ತುಕೊಂಡೇ ಓಡಬೇಕು. ನಮಗೆ ಬಾಡಿಗೆಗೆ ಸಿಕ್ಕ ಕಾರಿನ ಟೈರುಗಳ ಬಗ್ಗೆ ಕೌಂಟರಿನಲ್ಲಿ ಯಾರೂ ಏನೂ ಹೇಳಲಿಲ್ಲ. ಕೇಳಬೇಕೆಂಬುದು ನಮಗೂ ಹೊಳೆಯಲಿಲ್ಲ. ಫ್ಲಾಯ್ಡ್ ಹಿಲ್ ಎಂಬ ಏರಿಳಿತದ ಬಳಿ ಹಿಮ ಶುರುವಾಯಿತು. ಇಳಿಜಾರಿನ ತಿರುವಿನಲ್ಲಿ ನಮ್ಮ ಕಾರು ಯಜಮಾನರ ಮಾತು ಕೇಳದೆ ಒಂದೂವರೆ ಕಾರಿನಷ್ಟು ದೂರ ಪಕ್ಕಕ್ಕೆ ಸರಿದು, ಪುಣ್ಯಕ್ಕೆ, ಏನಕ್ಕೂ ತಗುಲದೆ ನಿಂತಿತು. ಆ ದಿನ ಬ್ರೆಕನ್‌ರಿಜ್ ತಲುಪಲು ಐದೂಕಾಲು ಗಂಟೆ ಹಿಡಿಯಿತು. ಮಕ್ಕಳು ಹಿಂದೆ ನಿದ್ದೆ ಹೋಗಿದ್ದರು. ನಾವಿಬ್ಬರೂ ಆ ಐದು ಗಂಟೆ ಹತ್ತು ಮಾತನ್ನೂ ಆಡಲಿಲ್ಲ.

ಹಾಗಾಗಿ ಎರಡನೇ ವರ್ಷ ಶಟಲ್. ಅದೂ ಸುಸೂತ್ರವಾಗಲಿಲ್ಲ. ಡಲ್ಲಾಸ್‌ನಿಂದ ನಮ್ಮ ವಿಮಾನ ಒಂದು ಗಂಟೆ ಹತ್ತು ನಿಮಿಷ ತಡವಾಗಿ ಇಳಿಯಿತು. ಅದರ ಮೇಲೆ ಸ್ಕೀ ಚೀಲಗಳು ದೊಡ್ಡ ಸಾಮಾನುಗಳ ಬೇರೆ ಬಾಗಿಲಿನಿಂದ ಬರುತ್ತವೆಂಬುದು ಗೊತ್ತಿಲ್ಲದೆ ಸಾಮಾನು ಬರುವ ಮಾಮೂಲಿ ಬೆಲ್ಟಿನ ಮುಂದೆ ಕಾಯುತ್ತ ನಿಂತೆವು. (ಈ ನಿಲ್ದಾಣಕ್ಕೂ ಸಾಮಾನಿಗೂ ಹಳೆಯ ವೈರ. ಸೂಟ್‌ಕೇಸುಗಳನ್ನು ತಾನೇ ಹೊತ್ತೊಯ್ಯುವ ಸ್ವಯಂಚಾಲಿತ ವ್ಯವಸ್ಥೆಯೊಂದು ಕೈಕೊಟ್ಟಿದ್ದರಿಂದಲೇ ಇದರ ಉದ್ಘಾಟನೆ ಒಂದು ವರ್ಷಕ್ಕೂ ಹೆಚ್ಚು ಮುಂದೆ ಹೋಗಿ, ಕಡೆಗೆ 1995ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು; ಆ ಯಂತ್ರಜಾಲವನ್ನು 2005ರಲ್ಲಿ ಪೂರ್ತಿ ಕೈಬಿಟ್ಟರು.) ಅಂತೂ ನಾವು ಹೊರಗೆ ಬರುವಷ್ಟರಲ್ಲಿ ವ್ಯಾನ್ ಹೋಗಿತ್ತು. ಮುಂದಿನದರಲ್ಲಿ ಜಾಗವಿಲ್ಲ, ಅದರ ಮುಂದಿನದಕ್ಕೆ ಎರಡೂವರೆ ಗಂಟೆ. ಬಿಳಿ ಬಟ್ಟೆಯ ಶಿಖರಗಳಂತೆ ಎದ್ದಿರುವ ಆ ಪ್ರಸಿದ್ಧ ಚಾವಣಿಯ ಕೆಳಗೆ ಕುಳಿತು, ಕಂಪನಿಯವರನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ, ಆಲೂಗೆಡ್ಡೆ ಚಿಪ್ಸು ತಿನ್ನುತ್ತ ಕಾಲ ಕಳೆದೆವು.

ಆಗ ಬಂದ ಸಿಟ್ಟು ಈಗಿಲ್ಲ. ಹಂಚಿಕೊಂಡ ವ್ಯಾನಿನ ಲೆಕ್ಕಾಚಾರ ಅಷ್ಟು ಸುಲಭದ್ದಲ್ಲ. ನಾಲ್ಕೈದು ಬೇರೆ ಬೇರೆ ವಿಮಾನಗಳಿಂದ ಬರುವವರನ್ನು ಒಂದು ಗಾಡಿಗೆ ಸೇರಿಸಬೇಕು. ತಡವಾದವರಿಗಾಗಿ ಕಾದರೆ ಮೊದಲೇ ಬಂದವರು ಗೊಣಗುತ್ತಾರೆ. ಕಾಯದಿದ್ದರೆ ನಮ್ಮಂಥವರು ಬೈಯುತ್ತಾರೆ. ಇಬ್ಬರಿಗೂ ಬೇಡವೆಂದು ಅರ್ಧ ಖಾಲಿ ಗಾಡಿಯನ್ನು ಕಳಿಸಿದರೆ ಡೀಸೆಲ್ಲಿನ ಖರ್ಚೂ ಹುಟ್ಟುವುದಿಲ್ಲ. ಜೊತೆಗೆ ಅರ್ಧ ಗಂಟೆ ತಡವಾಗಿ ಹೊರಟ ವ್ಯಾನು ಐ-70ರಲ್ಲಿ ಬರೀ ಅರ್ಧ ಗಂಟೆ ತಡವಾಗುವುದಿಲ್ಲ. ದಟ್ಟಣೆಯ ಸಮಯಕ್ಕೆ ಸಿಕ್ಕಿಬಿದ್ದರೆ ಅದು ಎರಡು ಗಂಟೆಯಾಗುತ್ತದೆ. ಅಪ್ಪನಿಗೆ ಈ ಕತೆ ಹೇಳಿದಾಗ ಅವರು ಯಾವ ಮುಲಾಜೂ ಇಲ್ಲದೆ ಕಂಪನಿಯ ಪಕ್ಷ ಹಿಡಿದರು. ‘ಮೈಸೂರಿನ ಬಸ್ಸು ಬರ್ಲಿ ಅಂತ ಹಾಸನದಲ್ಲಿ ನಾನು ಹತ್ತು ನಿಮಿಷ ಕಾದರೆ, ಗುಂಡ್ಯದಲ್ಲಿ ಸುಬ್ರಹ್ಮಣ್ಯದ ಬಸ್ಸಿಗೆ ಹೋಗೋ ಇಪ್ಪತ್ತು ಜನ ಕತ್ತಲಲ್ಲಿ ನಿಲ್ತಾರೆ. ಕಾದ ಹತ್ತು ನಿಮಿಷ ಕಾಣ್ಸುತ್ತೆ, ಆ ಇಪ್ಪತ್ತು ಜನ ಕಾಣ್ಸಲ್ಲ.’

ಮೂರನೇ ವರ್ಷ ನಾವು ಜಾಣರಾಗಿದ್ದೆವು. ಬೆಳಗಿನ ವಿಮಾನ, ಮಂಗಳವಾರ, ಇಳಿಯುವುದಕ್ಕೂ ವ್ಯಾನಿಗೂ ನಡುವೆ ಎರಡು ಗಂಟೆಯ ಅಂತರ. ಹೊರಟಾಗ ಬಯಲಿನಲ್ಲಿ ಹೊಳೆಯುವ ಬಿಸಿಲಿತ್ತು, ಪಶ್ಚಿಮದ ತುದಿಯಲ್ಲಿ ಮಾತ್ರ ಬೂದಿ ಬಣ್ಣದ ಗೋಡೆ. ಚಾಲಕ ಅದನ್ನು ಗಲ್ಲದಿಂದಲೇ ತೋರಿಸಿ ಅಪ್ಪನ ಕಡೆ ನೋಡಿದ, ಅಪ್ಪ ತಲೆಯಾಡಿಸಿದರು. ಅವರಿಗೆ ಬರುವ ಇಂಗ್ಲಿಷು ಬಸ್ಸಿನ ಬಿಡಿಭಾಗಗಳ ಹೆಸರುಗಳಷ್ಟೇ. ಆದರೆ ಆ ದಿನ ಬೇಕಾಗಿದ್ದೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ, ಹಿಂದಿನ ಸೀಟಿನಲ್ಲಿ ದುಭಾಷಿಯಾಗಿ ಕುಳಿತ ನನಗೆ ಕೆಲಸ ಕಡಿಮೆಯಿತ್ತು.

ಐಡಹೊ ಸ್ಪ್ರಿಂಗ್ಸ್ ದಾಟುವಷ್ಟರಲ್ಲಿ ಹಿಮ ಅಡ್ಡಡ್ಡ ಬೀಳತೊಡಗಿತು. ಹಳೆಯ ಗಣಿಯೂರು ಜಾರ್ಜ್‌ಟೌನ್ ಬಳಿ ವಾಹನಗಳ ಸಾಲು ನಿಂತೇಬಿಟ್ಟಿತು. ಮೇಲೆ, ಐ-70 ಬೆಟ್ಟದ ನೆತ್ತಿಯ ಕೆಳಗೆ ಹಾದುಹೋಗುವ ಸುರಂಗದ ಹತ್ತಿರ ಲಾರಿಯೊಂದು ಅಡ್ಡ ನಿಂತಿದೆ, ರಸ್ತೆ ಬಂದ್ ಎಂಬ ಸುದ್ದಿ ಚಾಲಕನಿಗೆ ರೇಡಿಯೊದಲ್ಲಿ ಬಂತು. ಹಿಂದೆ ಕುಳಿತಿದ್ದ ಯುವಕರಿಬ್ಬರು ಫೋನಿನಲ್ಲಿ ನಕ್ಷೆ ತೆಗೆದು, ಬದಲಿ ದಾರಿ ಇದೆಯಲ್ಲ, ಲವ್‌ಲ್ಯಾಂಡ್ ಪಾಸ್ ಎಂಬ ಘಾಟಿಯ ಮೇಲೆ ಹೋಗಬಹುದಲ್ಲ ಎಂದು ಸಲಹೆ ಕೊಟ್ಟರು. ಚಾಲಕ ಕನ್ನಡಿಯಲ್ಲಿ ಅವರನ್ನು ನೋಡಿ, ಸುರಂಗ ಮುಚ್ಚುವಂಥ ಹಿಮದಲ್ಲಿ 11,990 ಅಡಿ ಎತ್ತರದ ಪಾಸು ತೆರೆದಿರುತ್ತದೆಯೇ ಎಂದು ತಣ್ಣಗೆ ಕೇಳಿ ಎಂಜಿನ್ ನಿಲ್ಲಿಸಿದ. ಶಿರಾಡಿಯಲ್ಲಿ ಗುಡ್ಡ ಕುಸಿದು ಸಾಲುಗಟ್ಟಿ ನಿಂತಾಗಲೂ ಚಾರ್ಮಾಡಿಯ ಮೇಲೆ ಹೋಗೋಣ, ಬಿಸ್ಲೆಯ ಮೇಲೆ ಹೋಗೋಣ ಎನ್ನುವವರು ಪ್ರತಿ ಬಸ್ಸಿನಲ್ಲಿ ಇಬ್ಬರಾದರೂ ಇರುತ್ತಿದ್ದರೆಂದು ಅಪ್ಪ ಹೇಳಿದ್ದನ್ನು ನಾನು ಅನುವಾದಿಸಿದೆ. ಚಾಲಕನಿಗೆ ಅದು ಎಷ್ಟು ಹಿಡಿಸಿತೆಂದರೆ ಸ್ಟೀರಿಂಗ್ ಮೇಲೆ ಕೈ ಬಡಿದು ನಕ್ಕ.

ಒಂದು ಗಂಟೆ ಐವತ್ತು ನಿಮಿಷ ನಿಂತಿದ್ದೆವು. ಆ ಹೊತ್ತಿನಲ್ಲೇ ನಾನು ಈ ರಸ್ತೆಯ ಬಗ್ಗೆ ಅತಿ ಹೆಚ್ಚು ತಿಳಿದುಕೊಂಡದ್ದು. ಚಾಲಕ ಹೇಳಿದ್ದನ್ನು ಆಮೇಲೆ ಓದಿಯೂ ನೋಡಿದ್ದೇನೆ. ದೇಶದ ಹೆದ್ದಾರಿ ಜಾಲದ ಮೊದಲ ಯೋಜನೆಯಲ್ಲಿ ಐ-70 ಡೆನ್ವರ್‌ಗೇ ಮುಗಿದುಹೋಗುತ್ತಿತ್ತು. ಅದರಾಚೆಗಿನ ಪರ್ವತವನ್ನು ಕೊರೆದು ರಸ್ತೆ ಒಯ್ಯುವ ಖರ್ಚು ಯಾರಿಗೂ ಬೇಡವಾಗಿತ್ತು. ರಾಜ್ಯದ ಗವರ್ನರ್ ಆಗಿದ್ದ ಎಡ್ವಿನ್ ಜಾನ್ಸನ್ ಹಟ ಹಿಡಿದರು. ಅಧ್ಯಕ್ಷ ಐಸೆನ್‌ಹೋವರ್ ಅವರ ಮಾವನ ಮನೆ ಡೆನ್ವರ್‌ನಲ್ಲೇ ಇತ್ತು. ಅಳಿಯನ ಬಳಿ ಊರಿನ ಕೆಲಸ ಮಾಡಿಸಿಕೊಳ್ಳುವುದು ಲೋಕದಲ್ಲೆಲ್ಲ ಒಂದೇ ರೀತಿ ಎಂದು ನನಗನ್ನಿಸಿತು, ಅಷ್ಟು ಸರಳವಾಗಿ ಅದು ನಡೆಯಲಿಲ್ಲವಾದರೂ. ಅಂತೂ ರಸ್ತೆ ಪಶ್ಚಿಮಕ್ಕೆ ಮುಂದುವರಿಯಲು 1957ರಲ್ಲಿ ಒಪ್ಪಿಗೆ ಸಿಕ್ಕಿತು. ಸುರಂಗದ ಮೊದಲ ಕೊಳವೆ 1973ರ ಮಾರ್ಚಿನಲ್ಲಿ ತೆರೆದು ಐಸೆನ್‌ಹೋವರ್ ಹೆಸರು ಪಡೆಯಿತು. ಪೂರ್ವಕ್ಕೆ ಬರುವ ವಾಹನಗಳ ಎರಡನೆಯ ಕೊಳವೆ 1979ರ ಡಿಸೆಂಬರಿನಲ್ಲಿ ಜಾನ್ಸನ್ ಹೆಸರಿನಲ್ಲಿ ತೆರೆಯಿತು. ಉದ್ದ 1.7 ಮೈಲಿ. ಎತ್ತರ ಪಶ್ಚಿಮದ ಬಾಯಿಯಲ್ಲಿ 11,158 ಅಡಿ. ಅಮೆರಿಕದ ಇಡೀ ಇಂಟರ್‌ಸ್ಟೇಟ್ ಜಾಲದಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ.

ಬ್ರೆಕನ್‌ರಿಜ್‌ನಲ್ಲಿ ಸ್ಕೀ ಶುರುವಾದದ್ದು 1961ರ ಡಿಸೆಂಬರಿನಲ್ಲಿ, ವೇಲ್‌ನಲ್ಲಿ 1962ರ ಡಿಸೆಂಬರಿನಲ್ಲಿ. ಅಂದರೆ ಸುರಂಗಕ್ಕಿಂತ ಹತ್ತು ವರ್ಷ ಮುಂಚೆ. ಆಗ ಬಂದವರಲ್ಲಿ ಹೆಚ್ಚಿನವರು ಲವ್‌ಲ್ಯಾಂಡ್ ಪಾಸನ್ನೇ ಏರಿ ಇಳಿದು ಬಂದವರು. ಆ ಹಳೆಯ ದಾರಿಯಲ್ಲಿ ಇಂದಿಗೂ ಪೆಟ್ರೋಲಿನ ಟ್ಯಾಂಕರುಗಳು ಓಡುತ್ತವೆ, ಏಕೆಂದರೆ ಬೆಂಕಿ ಹಿಡಿಯುವ ಸರಕಿಗೆ ಸುರಂಗದೊಳಗೆ ಪ್ರವೇಶವಿಲ್ಲ. ಪಾಸು ಹಿಮದಿಂದ ಮುಚ್ಚಿದ ದಿನಗಳಲ್ಲಿ ಮಾತ್ರ ತಾಸಿಗೊಮ್ಮೆ ಉಳಿದ ವಾಹನಗಳನ್ನು ತಡೆದು ಆ ಟ್ಯಾಂಕರುಗಳನ್ನಷ್ಟೇ ಸುರಂಗದ ಮೂಲಕ ದಾಟಿಸುತ್ತಾರೆ. ಪ್ರವಾಸಿಗರಿಗೆ ಅದು ಕಾರಣವಿಲ್ಲದ ನಿಲುಗಡೆಯಂತೆ ಕಾಣುತ್ತದೆ. ಬೆಟ್ಟದಾಚೆಯ ಪೆಟ್ರೋಲ್ ಬಂಕುಗಳು ತುಂಬುವುದು ಆ ನಿಲುಗಡೆಯಿಂದ.

ಈ ಸುರಂಗ ಕೊರೆಯುವಾಗಿನ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಜಾನೆಟ್ ಬೊನೆಮ ಎಂಬ ತಂತ್ರಜ್ಞೆಗೆ ಅಲ್ಲಿ ಕೆಲಸ ಕೊಟ್ಟ ಮೇಲೆ ಒಳಗೆ ಕಾಲಿಡಲು ಬಿಡಲಿಲ್ಲ. ಹೆಂಗಸು ಸುರಂಗ ಹೊಕ್ಕರೆ ಅಪಶಕುನವೆಂದು ಗಣಿಗಾರರ ನಂಬಿಕೆ. ಆಕೆ ರಾಜ್ಯದ ಹೆದ್ದಾರಿ ಇಲಾಖೆಯ ಮೇಲೆ ಮೊಕದ್ದಮೆ ಹೂಡಿ, 1972ರ ನವೆಂಬರಿನಲ್ಲಿ ಒಳಗೆ ನಡೆದಳು. ಕೆಲವು ಕಾರ್ಮಿಕರು ಕೆಲಸ ಬಿಟ್ಟು ಹೊರನಡೆದರು. ಸುರಂಗ ಮಾತ್ರ ಇನ್ನೂ ಗಟ್ಟಿಯಾಗಿಯೇ ನಿಂತಿದೆ.

ಸಾಲು ಅಲುಗಾಡಿತು. ಸುರಂಗದ ಬಾಯಿಗೆ ಬಂದಾಗ ಮತ್ತೊಂದು ಕೆಂಪು ದೀಪ: ಒಳಗೆ ವಾಹನಗಳು ನಿಂತು ಹೊಗೆ ತುಂಬಬಾರದೆಂದು ಹೊರಗೇ ತಡೆದು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರೆ. ಒಳಹೊಕ್ಕ ಮೇಲೆ ಚಾಲಕ, ನಮ್ಮ ತಲೆಯ ಮೇಲಿನ ಬೆಟ್ಟದ ನೆತ್ತಿಯೇ ಖಂಡದ ಜಲವಿಭಾಜಕ, ಅದರ ಈಚೆಗೆ ಬಿದ್ದ ನೀರು ಮಿಸಿಸಿಪ್ಪಿಯ ಕಡೆಗೆ, ಆಚೆಗೆ ಬಿದ್ದದ್ದು ಕೊಲರಾಡೊ ನದಿಯ ಕಡೆಗೆ ಎಂದು ಎಲ್ಲ ಪ್ರಯಾಣಿಕರಿಗೂ ಹೇಳುವ ಮಾತನ್ನು ಹೇಳಿದ. ಸಕಲೇಶಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಚೆ ಮಗ್ಗುಲಿನ ಮಳೆ ಹೇಮಾವತಿ ಸೇರಿ ಕಾವೇರಿಯಾಗುತ್ತದೆ, ಆಚೆ ಮಗ್ಗುಲಿನದು ಕೆಂಪುಹೊಳೆಯಾಗಿ ನೇತ್ರಾವತಿಗೆ ಇಳಿಯುತ್ತದೆ. ಆಚೆಯ ನೀರನ್ನು ಡಿಲ್ಲನ್ ಜಲಾಶಯದಲ್ಲಿ ಕಟ್ಟಿ, 23 ಮೈಲಿ ಉದ್ದದ ಇನ್ನೊಂದು ಸುರಂಗದಲ್ಲಿ ಬೆಟ್ಟದ ಕೆಳಗಿಂದ ಡೆನ್ವರ್‌ಗೆ ತಿರುಗಿಸಿದ್ದಾರೆಂದು ಕೇಳಿದಾಗ ಅಪ್ಪ ಒಂದೇ ಪದ ಹೇಳಿದರು: ‘ಎತ್ತಿನಹೊಳೆ.’ ಇದನ್ನು ಅನುವಾದಿಸಲು ಹೋಗಲಿಲ್ಲ.

ಸುರಂಗದಿಂದ ಹೊರಬಿದ್ದ ಮೇಲಿನ ಎಂಟು ಮೈಲಿಗಾಗಿಯೇ ನಾನು ಶಟಲಿನ ಹಣ ಕೊಡುತ್ತೇನೆ ಎಂದರೂ ತಪ್ಪಿಲ್ಲ. ಅಷ್ಟರೊಳಗೆ ರಸ್ತೆ ಎರಡು ಸಾವಿರ ಅಡಿ ಕೆಳಗಿಳಿದು ಸಿಲ್ವರ್‌ಥಾರ್ನ್ ಎಂಬ ಊರಿಗೆ ಬರುತ್ತದೆ. ಇಳಿಜಾರು ಕೆಲವೆಡೆ ನೂರಕ್ಕೆ ಏಳರಷ್ಟು. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಬದಿಯಲ್ಲಿ ಜಲ್ಲಿಕಲ್ಲು ತುಂಬಿದ ಏರುದಾರಿಗಳನ್ನು ಎರಡು ಕಡೆ ಮಾಡಿದ್ದಾರೆ. ಮುಂದೆ ಬಾಡಿಗೆ ಕಾರುಗಳ ಸಾಲು. ಅವುಗಳ ಹಿಂಭಾಗದ ಕೆಂಪು ದೀಪಗಳು ಹತ್ತಿದ್ದು ಆರಲೇ ಇಲ್ಲ. ಪ್ರತಿಯೊಬ್ಬರೂ ಬ್ರೇಕನ್ನು ಒತ್ತಿ ಹಿಡಿದೇ ಇಳಿಯುತ್ತಿದ್ದರು. ಮೊದಲ ವರ್ಷ ನಾವೂ ಹಾಗೆಯೇ ಇಳಿದಿರಬೇಕು. ನಮ್ಮ ವ್ಯಾನು ಮಾತ್ರ ಸಣ್ಣ ಗೇರಿನಲ್ಲಿ, ಎಂಜಿನ್ನಿನ ಗೊಣಗಾಟದೊಂದಿಗೆ, ಒಂದೇ ವೇಗದಲ್ಲಿ, ಮುಂದಿನ ಕಾರಿಗೂ ತನಗೂ ನಡುವೆ ಬಿಟ್ಟುಕೊಂಡ ಉದ್ದನೆಯ ಖಾಲಿ ಜಾಗವನ್ನು ಜೋಪಾನವಾಗಿ ಕಾಯ್ದುಕೊಂಡು ಸಾಗಿತು. ಆ ಖಾಲಿ ಜಾಗಕ್ಕೆ ಯಾರಾದರೂ ನುಗ್ಗಿದರೆ ಚಾಲಕ ಹಾರ್ನ್ ಮಾಡಲಿಲ್ಲ, ಮತ್ತಷ್ಟು ಹಿಂದೆ ಸರಿದು ಹೊಸ ಖಾಲಿ ಜಾಗ ಮಾಡಿಕೊಂಡ.

ಅಪ್ಪ ಅವನ ಬಲಗಾಲನ್ನೇ ನೋಡುತ್ತಿದ್ದರು. ಕೆಳಗೆ ಬಂದ ಮೇಲೆ ನನ್ನತ್ತ ತಿರುಗಿ, ‘ನಾಲ್ಕು ಸಲ. ಅಷ್ಟೇ ಮುಟ್ಟಿದ್ದು ಬ್ರೇಕನ್ನ. ನಾಲ್ಕು ಸಲ’ ಎಂದರು. ನನ್ನ ಗಂಡ ಹೊಸ ಕಾರು ಕೊಂಡಾಗಲೂ, ನನಗೆ ಬಡ್ತಿ ಬಂದಾಗಲೂ ಅಪ್ಪನ ಮುಖದಲ್ಲಿ ಆ ಮೆಚ್ಚುಗೆಯನ್ನು ನಾನು ಕಂಡಿರಲಿಲ್ಲ. ಹಿಮದಲ್ಲಿ ಬಸ್ಸು ಓಡಿಸುವುದು ತನಗೆ ಗೊತ್ತಿಲ್ಲವೆಂದೂ, ಆದರೆ ಮಾರನಹಳ್ಳಿಯ ಇಳಿಜಾರಿನಲ್ಲಿ ಜಡಿಮಳೆಗೆ ಬ್ರೇಕ್ ಡ್ರಮ್ಮು ಕಾದು ವಾಸನೆ ಬಂದರೆ ಏನು ಮಾಡಬೇಕೆಂದು ಗೊತ್ತೆಂದೂ ಚಾಲಕನಿಗೆ ಹೇಳಿಸಿದರು. ಏನು ಮಾಡಬೇಕೆಂದು ಅವನು ಕೇಳಿದ. ‘ವಾಸನೆ ಬರೋ ಹಾಗೆ ಓಡಿಸ್ಬಾರ್ದು.’

ಬ್ರೆಕನ್‌ರಿಜ್ ಊರೇ 9,600 ಅಡಿ ಎತ್ತರದಲ್ಲಿದೆ. ಡಲ್ಲಾಸ್ ವಿಮಾನ ನಿಲ್ದಾಣ ಸುಮಾರು 600 ಅಡಿ. ಬೆಳಿಗ್ಗೆ ಅಲ್ಲಿದ್ದ ದೇಹ ಸಂಜೆಗೆ ಇಲ್ಲಿ ಪ್ರತಿ ಉಸಿರಿಗೂ ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆ ಆಮ್ಲಜನಕದಲ್ಲಿ ಮೆಟ್ಟಿಲು ಹತ್ತಬೇಕು. ಮಧ್ಯೆ ಡೆನ್ವರ್‌ನಲ್ಲಿ ಒಂದು ರಾತ್ರಿ ತಂಗಿ ಬಂದರೆ ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ, ರಜೆ ಕಡಿಮೆಯಿರುವ ನಮ್ಮಂಥವರು ಕೇಳುವುದಿಲ್ಲ. ವ್ಯಾನಿನಲ್ಲಿ ಇದರ ಮೊದಲ ಸಾಕ್ಷಿ ನನ್ನ ಚೀಲದಲ್ಲಿದ್ದ ಹಾಸನದ ಚಕ್ಕುಲಿ ಪೊಟ್ಟಣ. ಅದು ಉಬ್ಬಿ ದಿಂಬಿನಂತಾಗಿತ್ತು. ಮಗಳು ಚುಚ್ಚಿದಾಗ ಬಂದ ಸದ್ದಿಗೆ ಹಿಂದಿನ ಯುವಕರು ಬೆಚ್ಚಿದರು, ಆಮೇಲೆ ಚಕ್ಕುಲಿಯಲ್ಲಿ ಪಾಲು ತೆಗೆದುಕೊಂಡರು. ದಾರಿಯುದ್ದಕ್ಕೂ ನೀರು ಕುಡಿಯಿರಿ ಎಂದು ಚಾಲಕ ಹೇಳುತ್ತಲೇ ಇದ್ದ. ಅಪ್ಪನಿಗೆ ಮೊದಲ ರಾತ್ರಿ ತಲೆನೋವು ಬಂದು, ನಿದ್ದೆ ಹತ್ತಲಿಲ್ಲ. ಎರಡನೇ ದಿನಕ್ಕೆ ಸರಿಯಾಯಿತು. ಹೃದಯದ ತೊಂದರೆ ಇರುವ ಹಿರಿಯರನ್ನು ಕರೆದೊಯ್ಯುವವರು ಮೊದಲೇ ವೈದ್ಯರನ್ನು ಕೇಳುವುದು ಒಳಿತು. ನಾವೂ ಕೇಳಿಯೇ ಹೋಗಿದ್ದೆವು.

ಊರೊಳಗೆ ಬಂದ ಮೇಲೆ ಶಟಲಿನ ಇನ್ನೊಂದು ಸ್ವಭಾವ ಕಾಣುತ್ತದೆ. ಒಬ್ಬೊಬ್ಬರನ್ನಾಗಿ ಅವರವರ ಬಾಗಿಲಿಗೆ ಇಳಿಸುವಾಗ ಯಾರ ಬಾಗಿಲು ಎಂಥದ್ದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಇಳಿಜಾರಿನ ಬುಡದಲ್ಲೇ ಇರುವ, ಬಿಸಿನೀರಿನ ತೊಟ್ಟಿಯಿಂದ ಹಬೆ ಏಳುವ ದೊಡ್ಡ ಮನೆಯಲ್ಲಿ ಇಳಿದವರು ಒಬ್ಬರು. ರೆಸಾರ್ಟಿನ ಕೆಲಸಗಾರರ ವಸತಿಯ ಮುಂದೆ ಇಳಿದ ಹುಡುಗಿ ಪೆರು ದೇಶದವಳು, ತನ್ನ ಕಾಲೇಜಿನ ಬೇಸಿಗೆ ರಜೆಯಲ್ಲಿ ಇಲ್ಲಿನ ಚಳಿಗಾಲಕ್ಕೆ ದುಡಿಯಲು ಬಂದವಳು. ಇಡೀ ದಾರಿ ಆಕೆ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆಯಿಂದಲೋ ಭಯದಿಂದಲೋ ತಿಳಿಯಲಿಲ್ಲ. ಚಾಲಕನ ಮನೆ ಈ ಊರಿನಲ್ಲಿಲ್ಲ. ಇಲ್ಲಿನ ಬಾಡಿಗೆ ಕಟ್ಟಲಾಗದೆ ಹೂಸಿಯರ್ ಪಾಸ್ ದಾಟಿ ಫೇರ್‌ಪ್ಲೇ ಎಂಬಲ್ಲಿ ಇರುತ್ತಾನೆ. ಆ ಪಾಸು 11,500 ಅಡಿಗೂ ಎತ್ತರ. ನಮ್ಮನ್ನೆಲ್ಲ ಒಂದು ಬೆಟ್ಟ ದಾಟಿಸಿ, ಕತ್ತಲಾದ ಮೇಲೆ ಅವನೊಬ್ಬನೇ ತನ್ನ ಹಳೆಯ ಪಿಕಪ್ಪಿನಲ್ಲಿ ಇನ್ನೊಂದು ಬೆಟ್ಟ ದಾಟಬೇಕು.

ಅಮೆರಿಕದಲ್ಲಿ ಚಾಲಕನಿಗೆ ಟಿಪ್ಸ್ ಕೊಡುವುದು ರೂಢಿ. ಟಿಕೆಟ್ಟಿನ ಹಣದ ಮೇಲೆ ನೂರಕ್ಕೆ ಹದಿನೈದು ಇಪ್ಪತ್ತರಷ್ಟು. ನಾನು ನೋಟು ತೆಗೆದಾಗ ಅಪ್ಪ ಕಣ್ಣಿನಲ್ಲೇ ಗದರಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಪ್ರಯಾಣಿಕನಿಂದಲೂ ಒಂದು ಟೀ ಕುಡಿದವರಲ್ಲ ಅವರು. ಸರಿಸಮನಾದ ಒಬ್ಬ ವೃತ್ತಿಬಾಂಧವನ ಕೈಗೆ ಮಗಳು ಭಕ್ಷೀಸು ಹಾಕುವುದು ಅವರಿಗೆ ಅವಮಾನವಾಗಿ ಕಂಡಿತು. ಇಲ್ಲಿ ಸಂಬಳವೇ ಇದನ್ನು ಲೆಕ್ಕಕ್ಕೆ ಹಿಡಿದು ಗೊತ್ತಾಗಿರುತ್ತದೆಂದು ವಿವರಿಸಿದೆ. ಅರ್ಧ ಒಪ್ಪಿದರು. ಹಣ ನಾನು ಕೊಟ್ಟೆ. ಅಪ್ಪ ತಮ್ಮ ಪಾಲಿಗೆ ಉಳಿದ ಚಕ್ಕುಲಿ ಪೊಟ್ಟಣವನ್ನು ಕೊಟ್ಟು ಕೈಕುಲುಕಿದರು.

ಇಷ್ಟೆಲ್ಲ ಕಷ್ಟಪಡುವ ಬದಲು ರೈಲಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಆದರೆ ಬೇರೆ ಬೆಟ್ಟಕ್ಕೆ. 1928ರಲ್ಲಿ ತೆರೆದ, ಆರು ಮೈಲಿಗೂ ಉದ್ದದ ಮೊಫಟ್ ಸುರಂಗದ ಆಚೆ ಬಾಯಿಯಲ್ಲೇ ವಿಂಟರ್ ಪಾರ್ಕ್ ರೆಸಾರ್ಟ್ ಇದೆ. 1940ರಿಂದ 2009ರವರೆಗೆ ಡೆನ್ವರ್‌ನಿಂದ ಅಲ್ಲಿಗೆ ಸ್ಕೀ ರೈಲು ಓಡುತ್ತಿತ್ತು, ನಿಂತುಹೋಗಿ ಮತ್ತೆ 2017ರ ಚಳಿಗಾಲದಿಂದ ದೇಶದ ರೈಲು ಸಂಸ್ಥೆ ಆಮ್‌ಟ್ರಾಕ್ ನಡೆಸುತ್ತಿದೆ. ವಿಮಾನ ನಿಲ್ದಾಣದಿಂದ ಡೆನ್ವರ್ ಯೂನಿಯನ್ ಸ್ಟೇಷನ್ನಿಗೆ 2016ರಿಂದ ಬೇರೆ ರೈಲಿರುವುದರಿಂದ, ರಸ್ತೆಯನ್ನೇ ಮುಟ್ಟದೆ ಹಿಮ ಮುಟ್ಟಬಹುದು. ಐ-70ರ ಮೇಲೆ ರಾಜ್ಯ ಸರ್ಕಾರವೇ ವಾರಾಂತ್ಯಗಳಲ್ಲಿ ಸ್ನೋಸ್ಟ್ಯಾಂಗ್ ಎಂಬ ದೊಡ್ಡ ಬಸ್ಸುಗಳನ್ನು ಓಡಿಸುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಹತ್ತು ಜನರ ವ್ಯಾನಿಗಿಂತ ಐವತ್ತು ಜನರ ಬಸ್ಸೇ ಆ ರಸ್ತೆಗೆ ನ್ಯಾಯ. ಆದರೆ ಸೂಟ್‌ಕೇಸು, ಸ್ಕೀ, ನಿದ್ದೆಗಣ್ಣಿನ ಮಕ್ಕಳೊಂದಿಗೆ ಮನೆಬಾಗಿಲಿಗೆ ಇಳಿಸುವ ವ್ಯಾನನ್ನು ಬಿಟ್ಟುಕೊಡುವಷ್ಟು ನ್ಯಾಯವಂತೆ ನಾನಿನ್ನೂ ಆಗಿಲ್ಲ.

ಸ್ಕೀ ಆಡಿದ ನಾಲ್ಕು ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮಕ್ಕಳು ಕಲಿತರು, ನಾನು ಬಿದ್ದೆ, ಯಜಮಾನರು ಬಿದ್ದಿಲ್ಲವೆಂದು ಹೇಳಿಕೊಂಡರು. ಅಪ್ಪ ಊರಿನಿಂದ ಬೆಟ್ಟದ ಬುಡಕ್ಕೆ ಹೋಗುವ ಗೊಂಡೊಲ ಎಂಬ ಉಚಿತ ತಂತಿದಾರಿಯ ಡಬ್ಬಿಯಲ್ಲಿ ಹತ್ತಿ ಇಳಿದು, ಹತ್ತಿ ಇಳಿದು, ಊರ ಬಸ್ ನಿಲ್ದಾಣದಲ್ಲಿ ಚಾಲಕರು ಪಾಳಿ ಬದಲಾಯಿಸುವುದನ್ನು ನೋಡುತ್ತ ಸುಖವಾಗಿದ್ದರು.

ಹಿಂದಿರುಗುವ ದಿನ ಬೇರೆ ಚಾಲಕಿ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ವಿಮಾನ ಹೊರಡುವುದಕ್ಕೆ ಆರು ಗಂಟೆ ಮೊದಲೇ ವ್ಯಾನ್ ಬಾಗಿಲಿಗೆ ಬಂದಾಗ ಅತಿಯಾಯಿತೆನ್ನಿಸಿತು. ಆ ದಿನ ಹಿಮವಿರಲಿಲ್ಲ, ರಸ್ತೆ ಒಣಗಿತ್ತು, ಮೂರೂವರೆ ಗಂಟೆ ಮೊದಲೇ ನಿಲ್ದಾಣದಲ್ಲಿದ್ದೆವು. ಹಾಗಾದ ದಿನ ಬೈದುಕೊಳ್ಳುವುದೂ, ಆಗದ ದಿನ ಹರಸುವುದೂ ಶಟಲ್ ಪ್ರಯಾಣಿಕರ ಧರ್ಮ. ಡೆನ್ವರ್ ನಗರದ ದೀಪಗಳು ಕಾಣಿಸಿಕೊಳ್ಳುವ ಕೊನೆಯ ಇಳಿಜಾರಿನಲ್ಲಿ ಲಾರಿ ಚಾಲಕರಿಗೆಂದೇ ದೊಡ್ಡ ಹಳದಿ ಫಲಕಗಳಿವೆ: ಮೋಸಹೋಗಬೇಡಿ, ಕಡಿದಾದ ಇಳಿಜಾರೂ ತಿರುವುಗಳೂ ಇನ್ನೂ ನಾಲ್ಕು ಮೈಲಿ ಇವೆ ಎಂದು ಒಂದು, ಮುಂದೆ ಹೋದರೆ, ನೀವಿನ್ನೂ ಕೆಳಗೆ ಬಂದಿಲ್ಲ ಎಂದು ಇನ್ನೊಂದು. ಬಯಲು ಕಂಡ ಖುಷಿಗೆ ಬ್ರೇಕ್ ಸಡಿಲಿಸುವವರಿಗಾಗಿ ಬರೆಸಿದ್ದು. ಅಪ್ಪ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಗುಂಡ್ಯ ಚೆಕ್‌ಪೋಸ್ಟಿಗೆ ಅರ್ಧ ಮೈಲಿ ಮೊದಲು ಇಂಥದ್ದೊಂದು ಬೋರ್ಡು ಹಾಕಬೇಕಿತ್ತು, ಹಾಕಿದ್ದರೆ ಇಂಥಿಂಥವನು ಉಳಿಯುತ್ತಿದ್ದ ಎಂದು ಸಹೋದ್ಯೋಗಿಯೊಬ್ಬರ ಹೆಸರು ಹೇಳಿ, ಉಳಿದ ದಾರಿ ಸುಮ್ಮನೆ ಕುಳಿತರು.

ಅಪ್ಪ ಹಾಸನಕ್ಕೆ ಮರಳಿ ಈಗ ಎರಡು ವರ್ಷ. ಕೊಲರಾಡೊದ ಸಾರಿಗೆ ಇಲಾಖೆ ಐ-70ರ ಉದ್ದಕ್ಕೂ ಇಟ್ಟಿರುವ ಕ್ಯಾಮೆರಾಗಳ ಚಿತ್ರವನ್ನು ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು. ಹೋಗುವ ಮೊದಲು ಮೊಮ್ಮಗ ಅದನ್ನು ಅವರ ಫೋನಿಗೆ ಹಾಕಿಕೊಟ್ಟಿದ್ದ. ಅಲ್ಲಿ ರಾತ್ರಿ ಊಟ ಮುಗಿಸಿ ಕುಳಿತಾಗ ಇಲ್ಲಿ ಬೆಳಗಾಗಿರುತ್ತದೆ. ಹೋದ ಡಿಸೆಂಬರಿನಲ್ಲಿ ನಾವು ಮತ್ತೆ ಹೊರಟಿದ್ದ ದಿನ, ಡಲ್ಲಾಸ್ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಿಂತಿದ್ದಾಗ ಅವರ ಫೋನು ಬಂತು. ‘ಸುರಂಗದ ಆಚೆ ಮಗ್ಗುಲು ಬೆಳ್ಳಗಾಗಿದೆ ಕಣಮ್ಮ. ಹಿಮ ಗುಡಿಸೋ ಲಾರಿ ಮೂರು ಹೋದ್ವು, ಇನ್ನೂ ವಾಪಸ್ ಬಂದಿಲ್ಲ. ವ್ಯಾನಿನೋನು ಎಲ್ಲಾದ್ರೂ ನಿಲ್ಲಿಸಿದ್ರೆ ಏನೂ ಅನ್ಬೇಡಿ.’